ಬಡದು ನೋಡು

ಚಾದ ಕಪ್ಪು ಕೆಳಗಿಟ್ಟು
ತಂಗಿ ಗಂಡ ತವನಪ್ಪ ಕೇಳಿದ:
"ಅಕ್ಕಾ, ಇಪ್ಪತ್ತೆರಡು ವರ್ಷ ಉದ್ಯಮಬಾಗದಾಗ ದುಡದೀರಿ.
ಆ ಕಂಪನಿ ಗಾಡಿ ಈಗೂ ಮೊದಲಿನಂಗ ಗಟ್ಟಿ ಅದಾವೇನ್ರಿ?"
ಹೆಸರು ಹೇಳೂದಿಲ್ಲ ನಾನು.
ಅದರ ಪಗಾರದಾಗ ಎರಡು ಮಕ್ಕಳ ಫೀಸು ಕಟ್ಟೀನಿ.

ನಾ ಮಾಡಿದ್ದು ಎಂಜಿನ್ ಅಲ್ಲ,
ಎಂಜಿನ್ನಿನ ಪೊಳ್ಳು.
ಉಸುಕಿನ ಕೋರು, ಕರುಳಿನಂಗ ಸುತ್ತಿದ್ದು.
ಎಣ್ಣಿ ಕಲಸಿ, ಪೆಟ್ಟಿಗ್ಯಾಗ ತುಂಬಿ, ಬೇಯಿಸಿ,
ಅಂಚಿನ ಮುಳ್ಳು ಕಾನಸಿನಿಂದ ತಿಕ್ಕಿ
ಹಲಗಿ ಮ್ಯಾಲ ಸಾಲಾಗಿ ಇಡತಿದ್ದಿವಿ,
ನಾನು, ಶಾಂತವ್ವ, ಮಾಯಾ ಹಲಗೇಕರ.
ಗಂಡಸರು ಮ್ಯಾಲ ಕಬ್ಬಿಣ ಸುರೀತಿದ್ದರು.
ಆರಿದ ಮ್ಯಾಲ ನಮ್ಮ ಉಸುಕು ಒಡದು
ಉದುರಿಸಿ ಹೊರಗ ಚೆಲ್ಲತಿದ್ದರು.
ಅದು ಇದ್ದ ಜಾಗಾದಾಗ ನೀರು ಹರೀತಿತ್ತು.
ಚೋರ್ಲಾ ಘಾಟಿನಾಗ ಎಂಜಿನ್ ಉರಿಯದಂಗ ನೋಡಿಕೊಂಡದ್ದು
ನಾವು ಮಾಡಿ, ಇಲ್ಲದಂಗ ಆದ
ಆ ಜಾಗಾ.

ಭರಮಾ ಚೌಗುಲೆ ಅಂತ ಇನಸ್ಪೆಕ್ಟರು, ಕೈಯಾಗ ಸಣ್ಣ ಸುತ್ತಿಗಿ.
ಸಂತ್ಯಾಗ ಗಡಿಗಿ ಬಡದು ತಗೊಂಡಂಗ
ಒಂದೊಂದು ಬ್ಲಾಕು ಸರಪಳಿಗೆ ತೂಗಬಿಟ್ಟು ಬಡೀತಿದ್ದ,
ಕಣ್ಣು ಮುಚ್ಚಿ.
ಣಣ್ ಅಂದ್ರ ಹೋಗಲಿ.
ದಪ್ ಅಂದ್ರ ಸೀಮೆಸುಣ್ಣದ ಗೀಟು.
ಗೀಟು ಜಾಸ್ತಿ ಬಿದ್ದ ದಿನ
ಚಾ ಹಂಗ ಆರಿ ಕೆನಿಗಟ್ಟತಿತ್ತು.

ಆಮ್ಯಾಲ ಡ್ರಾಯಿಂಗ್ ಬದಲಾತು.
ಆರು ಮಿಲಿಮೀಟರಿನ ಗ್ವಾಡಿ ನಾಕೂವರಿಗೆ ಬಂತು.
ತೂಕ ಇಳೀಬೇಕಂತ, ಗಾಡಿ ಎಣ್ಣಿ ಕಡಿಮಿ ಕುಡೀಬೇಕಂತ.
ಭರಮಾ ಒಂದು ವಾರ ಬಡದ.
"ದನಿ ಬ್ಯಾರೆ ಆಗೇತವ್ವಾ,
ಕೆಟ್ಟದ್ದೋ ಒಳ್ಳೇದೋ ನನಗ ತಿಳೀವಲ್ಲದು" ಅಂದ.
ಮಾರ್ಚಿಗೆ ರಿಟಾಯರ್ ಆದ.
ಈಗ ಅಲ್ಲಿ ಒಂದು ಮಷೀನು. ಕಿವಿ ಇಲ್ಲ, ಹಸಿರು ದೀಪ ಐತಿ.
ಖರೇ ಹೇಳಬೇಕಂದ್ರ
ಕೆಟ್ಟ ಬ್ಲಾಕು ಈಗ ಮೊದಲಿನ ಅರ್ಧಾನೂ ಇಲ್ಲ.
ಇದನ್ನ ಭರಮಾಗ ಯಾರೂ ಹೇಳಿಲ್ಲ.

ಎಲ್ಲಾರೂ ಮೌಲಾಲಿ ಹಳೇ ಗಾಡಿ ಮಾತ ತಗೀತಾರ.
ನಸುಕಿನಾಗ ಮೂರಕ್ಕ ಕೋಬಿ, ಮೆಣಸಿನಕಾಯಿ ಹೇರಿಕೊಂಡು
ಗೋವಾಕ್ಕ ಹೋಗತಿತ್ತಂತ,
ನಾಕು ಲಕ್ಷ ಕಿಲೋಮೀಟರು, ಒಮ್ಮಿನೂ ನಿಲ್ಲಲಿಲ್ಲಂತ.
ನಿಂತಿತ್ತು.
ಮಾಯಾನ ಲಗ್ನಕ್ಕ ಹೋಗೂಮುಂದ ಕಣಕುಂಬಿ ಹತ್ರ
ನೂಕಿದವರೊಳಗ ನಾನೂ ಒಬ್ಬಾಕಿ.
ಇಳಕಲ್ ಸೀರಿ ಸೆರಗಿನಾಗ ಆ ಡಿಸೇಲ್ ಕಲೆ ಇನ್ನೂ ಐತಿ.
ಮೌಲಾಲಿ ಅದನ್ನ ಲೆಕ್ಕಕ್ಕ ಹಿಡಿಯೂದಿಲ್ಲ,
"ಉಸಿರು ತಗೊಳ್ಳಾಕ ನಿಂತಿತ್ತರಿ" ಅಂತಾನ.
ಹೊಸಾದು ಅದ ತಿರುವಿನಾಗ ನಿಂತ್ರ ಮಾತ್ರ
ಸೆನ್ಸರಿಗೂ ಸೆನ್ಸರ್ ಮಾಡಿದವಗೂ ಬೈಗಳ.
ಹಳೇದರ ಕೆಳಗ ಪ್ರತಿ ಗುರುವಾರ ಪಾನಾ ಹಿಡದು ಮಲಗತಿದ್ದ.
ಹೊಸಾದರ ಕೆಳಗ ಒಮ್ಮಿನೂ ಮಲಗಿಲ್ಲ,
ವಾರಂಟಿ ಹೋಗತೈತಂತ.

ಇದನ್ನೆಲ್ಲಾ ತವನಪ್ಪಗ ಹೆಂಗ ಹೇಳೂದು?
ಅವಗ ಬೇಕಾದದ್ದು ಹೌದು, ಇಲ್ಲಾ ಅಲ್ಲ. ಅಷ್ಟ.
ಐತವಾರ ಖಾನಾಪುರ ರೋಡಿನ ಶೋರೂಮಿಗೆ ಕರಕೊಂಡು ಹೋದ.
ಗಾಜಿನ ಮನಿ. ಕಾಲಿಗೆ ನೆಲ ಜಾರತಿತ್ತು.
ಬಾನೆಟ್ ತಗಿ ಅಂದೆ. ಟೈ ಹಾಕಿದ ಹುಡುಗ ನಕ್ಕೋತ ತಗದ.
ಒಳಗ ಕರೀ ಪ್ಲಾಸ್ಟಿಕ್ ಮುಚ್ಚಳ,
ಮ್ಯಾಲ ಕಂಪನಿ ಹೆಸರು, ಉಬ್ಬಿದ ಅಕ್ಷರ.
ಬೆರಳಿನ ಗೆಣ್ಣಿಲೆ ಹೆಸರಿನ ಮ್ಯಾಲ ಬಡದೆ.
ಬುತ್ತಿ ಡಬ್ಬಿಯ ದನಿ.
"ಇದನ್ನ ತಗಿ."
"ತಗ್ಯಾಕ ಬರೂದಿಲ್ರಿ ಮೇಡಂ."

ಅದರ ಕೆಳಗ ಎಲ್ಲೋ
ಈಗಿನ ಕೋರ್ ಶಾಪಿನ ಯಾವಾಕೋ ಹುಡುಗಿ ಮಾಡಿದ ಪೊಳ್ಳು,
ನೀರು ತುಂಬಿಕೊಂಡು ಸುಮ್ಮನ ಕುಂತಿತ್ತು.
ಆಕಿ ಕೈ ಹೆಂಗೈತೋ ಏನೋ.
ಅಂಚು ಸರಿ ತಿಕ್ಕ್ಯಾಳೋ,
ಪಾಳಿ ಮುಗಿಯೂ ಗಡಿಬಿಡಿಯಾಗ ಬಿಟ್ಟಾಳೋ.

"ಏನಂತೈತ್ರಿ ಅಕ್ಕಾ?"
"ಇನ್ನೂ ಬಾಯಿ ಬಿಟ್ಟಿಲ್ಲೋ ತವನಪ್ಪ.
ಹತ್ತು ಸಲ ಘಾಟ್ ಹತ್ತಿಸು, ಆಮ್ಯಾಲ ಕೇಳೂನು."

ಅಷ್ಟೊತ್ತಿಗೆ ಅವ ಬುಕಿಂಗ್ ಕಾಗದಕ್ಕ ಸಹಿ ಮಾಡಿದ್ದ,
ನನ್ನ ಪೆನ್ನಿಲೇ.